ಕಪಿಲೆಯನ್ನು ಎಳೆಯುವ ಗಾಡಿ

ಸ್ಟುಟ್‌ಗಾರ್ಟಿನ ಕನ್ನಡದವರ ನಡುವೆ ಅನುರಾಗ್‌ಗೆ 'ಕಾರು ಮಾಡೋ ಹುಡುಗ' ಎಂಬ ಹೆಸರು ಬಿದ್ದಿತ್ತು. ಹೆಸರಿಟ್ಟವನು ಅವನಲ್ಲ, ಅಷ್ಟರ ಮಟ್ಟಿಗೆ ಅವನು ನಿರಪರಾಧಿ. ಆದರೆ ಬೇರೆಯವರು ಪ್ರೀತಿಯಿಂದ ತೊಡಿಸಿದ ಪೇಟ ತನ್ನ ತಲೆಗೆ ದೊಡ್ಡದಾಯಿತೆಂದು ಬಿಚ್ಚಿಟ್ಟವರನ್ನು ನಾವು ಎಷ್ಟು ಜನ ಕಂಡಿದ್ದೇವೆ? ಅನುರಾಗ್ ಬಿಚ್ಚಿಡಲಿಲ್ಲ.

ಕಂಪ್ಯೂಟರ್ ಕಲಿತವರು ಬೇಕೆಂದು ಅಮೆರಿಕದ ಹಾಗೆ ತಾನೂ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ಜರ್ಮನಿ ಅವನನ್ನು ಒಂದು ಸಣ್ಣ ಕಂಪನಿಯಲ್ಲಿ ಕೂರಿಸಿತ್ತು. ದೊಡ್ಡ ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವುದು ಅದರ ಕಸುಬು. ಗುಂಡಿ ಒತ್ತಿದರೆ ಡ್ರೈವರ್ ಸೀಟು ಹಿಂದೆ ಮುಂದೆ ಸರಿಯುತ್ತದಲ್ಲ, ಆ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಅನುರಾಗ್‌ನ ಕೆಲಸ. ಆ ಸೀಟಿನ ಸುತ್ತ ಎಲ್ಲೋ ಒಂದು ಕಾರು ಇರುತ್ತದೆ ಎಂಬುದನ್ನು ಅವನು ಬರಿಯ ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದ. ಸ್ವಂತ ಕಾರಿರಲಿಲ್ಲ, ಜರ್ಮನ್ ಲೈಸೆನ್ಸೂ ಇರಲಿಲ್ಲ. ಕಾರು ಮಾಡೋ ಹುಡುಗ ದಿನಾ ಆಫೀಸಿಗೆ ಹೋಗುತ್ತಿದ್ದದ್ದು ಸ್ಟಾಟ್‌ಬಾನ್ ಎಂಬ ಊರ ಟ್ರಾಮಿನಲ್ಲಿ, ಕಂಬಿ ಹಿಡಿದು ನಿಂತುಕೊಂಡು.

ಹೆಸರಿಟ್ಟವರು ಡಾಕ್ಟರ್ ಪುರುಷೋತ್ತಮ. ನಂಜನಗೂಡಿನವರು, ಮೂಳೆ ಶಸ್ತ್ರಚಿಕಿತ್ಸಕರು, ಮೂವತ್ತು ವರ್ಷದಿಂದ ಇಲ್ಲಿದ್ದವರು. ಯುಗಾದಿ ಊಟದಲ್ಲಿ ಅನುರಾಗ್‌ನ ಹೆಗಲ ಮೇಲೆ ಕೈಹಾಕಿ, "ನೋಡ್ರಪ್ಪಾ, ಜರ್ಮನ್ನರಿಗೆ ಕಾರು ಮಾಡೋದು ಹೇಳ್ಕೊಡಕ್ಕೆ ನಮ್ಮ ಹುಡುಗ ಬಂದಿದಾನೆ" ಎಂದು ಪಂಕ್ತಿಗೆಲ್ಲ ಪರಿಚಯಿಸಿದ್ದರು. ಡಾಕ್ಟರೂ ಅವರ ಹೆಂಡತಿ ವೇದಾ ಅವರೂ ಅವನನ್ನು ಮನೆಮಗನ ಹಾಗೆ ಹಚ್ಚಿಕೊಂಡರು. ಭಾನುವಾರ ಬಂತೆಂದರೆ ಗುಡ್ಡದ ಮೇಲಿನ ಅವರ ಮನೆಯಲ್ಲಿ ಅವನಿಗೆ ಹುಳಿಯನ್ನ, ಹಪ್ಪಳ ಕಾಯುತ್ತಿದ್ದವು.

ಡಾಕ್ಟರಿಗೆ ದೋಣಿಯ ಹುಚ್ಚು. ಇದ್ದ ಪುಟ್ಟ ದೋಣಿಯನ್ನು ಮಾರಿ ಅವರು ಆ ವರ್ಷ ಒಂದು ದೊಡ್ಡ ಕ್ಯಾಬಿನ್ ಕ್ರೂಸರ್ ಕೊಂಡರು. ಒಳಗೆ ಮಲಗುವ ಕೋಣೆ, ಒಲೆ, ಎಲ್ಲಕ್ಕಿಂತ ಮುಖ್ಯವಾಗಿ ಬಚ್ಚಲು. "ಟಾಯ್ಲೆಟ್ ಇಲ್ಲದ ದೋಣಿಗೆ ನಾನು ಹತ್ತಲ್ಲ ಅಂದಿದ್ದೆ. ಇವರು ಟಾಯ್ಲೆಟ್ ತರೋಕೆ ಹೋಗಿ ಅದರ ಸುತ್ತ ಹಡಗು ಕಟ್ಟಿಸ್ಕೊಂಡು ಬಂದ್ರು" ಎಂದು ವೇದಾ ನಕ್ಕರು. ದೋಣಿಗೆ ಊರಿನ ಹೊಳೆಯ ಹೆಸರನ್ನೇ ಇಟ್ಟರು, ಕಪಿಲಾ. ಇನ್ನು ಉಳಿದದ್ದು ಅದನ್ನು ಟ್ರೇಲರ್ ಮೇಲೆ ಕೂರಿಸಿ ಬೋಡನ್ ಸರೋವರದವರೆಗೆ ಎಳೆದೊಯ್ಯುವ ಗಾಡಿ. ಹಳೆಯ ಕಾರಿಗೆ ಅದು ಆಗದ ಮಾತು.

"ನೀನಿದೀಯಲ್ಲಪ್ಪ. ನೀನು ಬಂದು ನೋಡಿ ಹೂಂ ಅಂದ್ರೆ ಸಾಕು" ಎಂದರು ಡಾಕ್ಟರು.

'ಅಂಕಲ್, ನನಗೆ ಗಾಡಿ ವಿಷಯ ಗೊತ್ತಿಲ್ಲ, ಸೀಟಿನದು ಮಾತ್ರ ಗೊತ್ತು' ಎಂದು ಅಲ್ಲೇ ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಅನುರಾಗ್ "ಅದಕ್ಕೇನಂತೆ ಅಂಕಲ್, ಹೋಗೋಣ" ಎಂದ.

ಊರ ಹೊರಗಿನ ವ್ಯಾಪಾರಿಯ ಬಳಿ ಎರಡು ಪಿಕಪ್ ಟ್ರಕ್ಕುಗಳಿದ್ದವು. ಒಂದು ಹಳೆಯದು, ಕಡುಹಸಿರು ಬಣ್ಣದ್ದು, ಡೀಸೆಲ್. ಎಮ್ಮೆಯ ಹಾಗೆ ಅಗಲವಾಗಿ ನಿಂತಿತ್ತು. ಇನ್ನೊಂದು ಆ ವರ್ಷವೇ ಬಂದದ್ದು. ಬೆಳ್ಳಿ ಬಣ್ಣ, ಹೊಳೆಯುವ ಚಕ್ರ, ಒಳಗೆ ಚರ್ಮದ ಸೀಟು. ವ್ಯಾಪಾರಿ ಹಸಿರು ಗಾಡಿಯ ಬೆನ್ನು ತಟ್ಟಿ, ನಿಮ್ಮ ದೋಣಿಗೆ ಇದು, ಇದು ಮೂರೂವರೆ ಟನ್ ಎಳೆಯುತ್ತದೆ, ಬೆಳ್ಳಿಯದಕ್ಕೆ ಎರಡೂ ಮುಕ್ಕಾಲು ಟನ್ನೇ ಮಿತಿ, ಎಂದ. ಡಾಕ್ಟರು ತಲೆಯಾಡಿಸಿದರು. ಅವರ ಮನಸ್ಸು ಹಸಿರು ಗಾಡಿಗೇ ವಾಲಿತ್ತು.

ಅನುರಾಗ್‌ನ ಮನಸ್ಸು ಬೆಳ್ಳಿಯದರ ಬಾಗಿಲು ತೆರೆದು ಆಗಲೇ ಒಳಗೆ ಕೂತಾಗಿತ್ತು. ಅದರ ಮುಂದಿನ ಸೀಟಿನಲ್ಲಿ ಮೊಣಕೈ ಹೊರಗಿಟ್ಟುಕೊಂಡು ಸರೋವರದ ದಾರಿಯಲ್ಲಿ ಹೋಗುವುದು, ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಂಡು ಬೆಂಗಳೂರಿನ ಗೆಳೆಯರಿಗೆ ಕಳಿಸುವುದು, ಇಷ್ಟೂ ಅವನ ಕಣ್ಣ ಮುಂದೆ ಬಂದು ಹೋಯಿತು. ಹಸಿರು ಎಮ್ಮೆಗೆ ಒರಗಿ ಫೋಟೊ ತೆಗೆಸಿಕೊಳ್ಳುವವರು ಯಾರು?

"ಮೂಲೇಲಿ ಬಿದ್ದಿರೋದನ್ನ ನಿಮ್ಮ ತಲೆಗೆ ಕಟ್ತಿದಾನೆ ಅಂಕಲ್" ಎಂದ ಕನ್ನಡದಲ್ಲಿ, ವ್ಯಾಪಾರಿಯತ್ತ ಮುಗುಳ್ನಗುತ್ತಲೇ.

"ಆದ್ರೆ ಆನ್‌ಹೆಂಗೆಲಾಸ್ಟ್ ಕಮ್ಮಿ ಅಂತಾನಲ್ಲಪ್ಪಾ, ಎಳೆಯೋ ಮಿತಿ?"

"ದೋಣಿ ತೂಕ ಎಷ್ಟು?"

"ಪುಸ್ತಕದಲ್ಲಿ ಎರಡೂವರೆ ಟನ್ ಅಂತಿದೆ."

"ಮತ್ತೆ? ಮಿತಿ ಒಳಗೇ ಇದೆಯಲ್ಲ! ಅದೂ ಅಲ್ದೆ ಕಂಪನಿಯವರು ಯಾವಾಗ್ಲೂ ಕಮ್ಮೀನೇ ಬರೆದಿರ್ತಾರೆ ಅಂಕಲ್. ಚಳ್ಳಕೆರೆಲಿ ನಮ್ಮ ಸೋದರಮಾವಂದು ಎಣ್ಣೆ ಲಾರಿಗಳಿದ್ವು. ಒಂಬತ್ತು ಟನ್ ಅಂತ ಬರೆದಿದ್ರೆ ಹದಿನೈದು ಹೇರೋರು. ಒಂದು ದಿನವಾದ್ರೂ ನಿಂತಿಲ್ಲ. ಇದು ಎಳೆಯುತ್ತೆ, ಆರಾಮಾಗಿ."

ನಮ್ಮವರ ಈ ಲೆಕ್ಕ ನಿಮಗೂ ಗೊತ್ತಿರುವುದೇ. ಲಾರಿಯ ಮೇಲೆ ಬರೆದ ತೂಕ ಕಂಪನಿಯವನ ಹೆದರಿಕೆ, ಹೇರುವ ತೂಕ ನಮ್ಮ ಧೈರ್ಯ. ಜರ್ಮನಿಯಲ್ಲಿ ಬರೆದದ್ದನ್ನು ಬರೆದಷ್ಟೇ ಅಂತ ಓದಬೇಕು ಎಂದು ಅನುರಾಗ್‌ಗೆ ಹೊಳೆಯಲಿಲ್ಲ. ಪುಸ್ತಕದ ಎರಡೂವರೆ ಟನ್ನು ಬರಿಯ ಖಾಲಿ ದೋಣಿಯದು, ಅದಕ್ಕೆ ಇಂಧನ, ನೀರು, ಕೊನೆಗೆ ದೋಣಿಯನ್ನು ಹೊತ್ತುಕೊಂಡಿರುವ ಟ್ರೇಲರ್‌ನ ತೂಕವನ್ನೂ ಸೇರಿಸಬೇಕು ಎಂಬುದಂತೂ ಅವನ ತಲೆಗೇ ಬರಲಿಲ್ಲ.

ಡಾಕ್ಟರು ವ್ಯಾಪಾರಿಯ ಕಡೆ ತಿರುಗಿ, ಈ ಹುಡುಗ ವಾಹನದ ಇಂಜಿನಿಯರ್, ನಮಗೆ ಬೆಳ್ಳಿಯದೇ ಇರಲಿ, ಎಂದು ಹೆಮ್ಮೆಯಿಂದ ಜರ್ಮನ್‌ನಲ್ಲಿ ಹೇಳಿದರು. ವ್ಯಾಪಾರಿ ಅನುರಾಗ್‌ನನ್ನು ಒಮ್ಮೆ ನೋಡಿ ಭುಜ ಹಾರಿಸಿದ.

ಜೂನ್ ತಿಂಗಳ ಒಂದು ಶನಿವಾರ ಕಪಿಲೆಯನ್ನು ನೀರಿಗಿಳಿಸಲು ಹೊರಟರು. ದಾರಿಯುದ್ದಕ್ಕೂ ಏರು ಬಂದಲ್ಲೆಲ್ಲ ಗಾಡಿ ಏದುಸಿರು ಬಿಟ್ಟಿತು. "ಹೊಸ ಎಂಜಿನ್ ಅಂಕಲ್, ಇನ್ನೂ ಪಳಗಬೇಕು" ಎಂದ ಅನುರಾಗ್. ಹಾಗೆ ಹೇಳುವಾಗಲೂ ಅವನ ಮೊಣಕೈ ಕಿಟಕಿಯಿಂದ ಹೊರಗೇ ಇತ್ತು.

ಸರೋವರದ ದಡದಲ್ಲಿ ದೋಣಿ ಇಳಿಸಲೆಂದೇ ಮಾಡಿದ ಕಾಂಕ್ರೀಟಿನ ಇಳಿಜಾರು. ಕೆಳಭಾಗ ಪಾಚಿಗಟ್ಟಿತ್ತು. ಪಕ್ಕದ ದೋಣಿ ಕ್ಲಬ್ಬಿನ ಮಂದಿ ಕಾಫಿ ಹಿಡಿದು ನೋಡುತ್ತಿದ್ದರು. ವೇದಾ ಕಪಿಲೆಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲ್ಗಡೆ ಬದಿಯಲ್ಲಿ ಕಾಯಿ ಒಡೆದು, ತಟ್ಟೆಯೊಂದಿಗೆ ಗಾಡಿಯೊಳಗೆ ಹೋಗಿ ಕೂತರು. ಡಾಕ್ಟರು ಹಿಮ್ಮುಖವಾಗಿ ಇಳಿಸತೊಡಗಿದರು. ಅನುರಾಗ್ ಹಿಂಬದಿಯಲ್ಲಿ, ಒಂದು ಪಕ್ಕಕ್ಕೆ ನಿಂತು, "ಬರ್ಲಿ, ಬರ್ಲಿ, ಬರ್ಲಿ... ಸಾಕು ಅಂಕಲ್, ನಿಲ್ಸಿ!" ಎಂದು ಕೈ ಎತ್ತಿದ.

ಡಾಕ್ಟರು ಬ್ರೇಕ್ ಒತ್ತಿದರು. ಗಾಡಿಯ ಹಿಂದಿನ ಕೆಂಪು ದೀಪಗಳು ಹತ್ತಿಕೊಂಡದ್ದನ್ನು ಅನುರಾಗ್ ಕಣ್ಣಾರೆ ಕಂಡ. ಚಕ್ರಗಳೂ ನಿಂತವು. ಆದರೆ ಗಾಡಿ ನಿಲ್ಲಲಿಲ್ಲ. ಹಿಂದಿದ್ದ ಭಾರ ಸಂತೆಯಲ್ಲಿ ಮಗುವನ್ನು ಎಳೆದೊಯ್ದಂತೆ ಅದನ್ನು ಎಳೆದುಕೊಂಡು ನೀರಿಗೆ ನಡೆಯಿತು. ಚಕ್ರ ಉರುಳಲೇ ಇಲ್ಲ, ಹಾಗೇ ಜಾರಿತು. ಕೆಂಪು ದೀಪಗಳು ಉರಿಯುತ್ತಲೇ ನೀರೊಳಗೆ ಮುಳುಗಿದವು. ಒಳಗಿನಿಂದ ವೇದಾ ಕೂಗಿದ ಕೂಗು ಕ್ಲಬ್ಬಿನವರಿಗೆಲ್ಲ ಕೇಳಿಸಿತು.

ಯಾರೂ ಸಾಯಲಿಲ್ಲ, ಕೈಕಾಲು ಮುರಿಯಲಿಲ್ಲ. ಮೊಣಕಾಲವರೆಗೆ ತೊಯ್ದ ಸೀರೆಯಲ್ಲಿ ವೇದಾ ಗಂಡನ ಕೈ ಹಿಡಿದು ಹತ್ತಿ ಬಂದರು. ಕ್ಲಬ್ಬಿನವರು ಟ್ರಾಕ್ಟರ್ ತಂದು ಗಾಡಿ, ದೋಣಿ ಎರಡನ್ನೂ ಎಳೆದರು. ಬಂದರಿನ ಮೇಲ್ವಿಚಾರಕ ದೋಣಿಯನ್ನೂ ಗಾಡಿಯನ್ನೂ ಸುತ್ತಿ ನೋಡಿ, ಇಷ್ಟು ಹಗುರದ ಗಾಡಿಗೆ ಇಷ್ಟು ಭಾರ ಕಟ್ಟುತ್ತಾರೆಯೇ, ಎಲ್ಲ ಸೇರಿ ಮೂರು ಟನ್ನಿಗೂ ಮೇಲಿರಬೇಕಲ್ಲ, ಯಾರು ನಿಮಗೆ ಇದನ್ನು ಆರಿಸಿಕೊಟ್ಟದ್ದು, ಎಂದು ಗದರಿಸಿ ಕೇಳಿದ. ಅನುರಾಗ್‌ನ ಜರ್ಮನ್ ಅಷ್ಟಕ್ಕಷ್ಟೇ. ಆದರೆ ಆ ಪ್ರಶ್ನೆ ಅವನಿಗೆ ಅಕ್ಷರಕ್ಕಕ್ಷರ ಅರ್ಥವಾಯಿತು.

"ನಾನೇ" ಎಂದರು ಡಾಕ್ಟರು. "ಗಾಡಿಯದೇನೂ ತಪ್ಪಿಲ್ಲ. ನನ್ನ ಕಾಲು ಬ್ರೇಕಿನ ಮೇಲೆ ಸರಿಯಾಗಿ ಕೂರಲಿಲ್ಲ. ವಯಸ್ಸಾಯಿತು."

ಅನುರಾಗ್ ಬಾಯಿ ತೆರೆದ. ಕಾಫಿ ಹಿಡಿದ ಅಷ್ಟೂ ಜನ ಅವರತ್ತಲೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ಹೇಳಿದರಾಯಿತು, ಇಷ್ಟು ಜನರೆದುರು ಏಕೆ ಎಂದುಕೊಂಡ. ಆ ಹೊತ್ತಿನಲ್ಲಿ ಅವನಿಗೆ ತನ್ನ ಮೇಲೆ ಹುಟ್ಟಿದ ಅಸಹ್ಯ ಎಷ್ಟಿತ್ತೆಂದರೆ, ವೇದಾ ಒದ್ದೆ ಸೀರೆಯಲ್ಲೇ ಬುತ್ತಿ ಬಿಚ್ಚಿ "ನೀನಾದ್ರೂ ಏನಾದ್ರೂ ತಿನ್ನೋ, ಮುಖ ಬಿಳಿಚ್ಕೊಂಡಿದೆ" ಎಂದಾಗ ಅವರ ಮುಖ ನೋಡಲಾಗಲಿಲ್ಲ. ಡಾಕ್ಟರು ದಡದ ಬೆಂಚಿನ ಮೇಲೆ ಕೂತು ತಮ್ಮ ಬಲಗಾಲನ್ನು ಮಡಚಿ, ಚಾಚಿ, ರೋಗಿಯ ಕಾಲನ್ನು ಪರೀಕ್ಷಿಸುವ ಹಾಗೆ ನೋಡುತ್ತಿದ್ದರು.

ಆ 'ಆಮೇಲೆ' ಎಂಬುದು ಬರಲೇ ಇಲ್ಲ. ಮೊದಲ ಭಾನುವಾರ ಆಫೀಸಿನ ಕೆಲಸವೆಂದ, ಮುಂದಿನದಕ್ಕೆ ನೆಗಡಿಯೆಂದ. ಆಮೇಲಾಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಅವರ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಗಣೇಶನ ಹಬ್ಬಕ್ಕೆ ಎಲ್ಲರೂ ಸೇರಿದಾಗ ಹೋಗಲಿಲ್ಲ. ಅಲ್ಲಿ ಯಾರೋ ಡಾಕ್ಟರಿಗೆ ಈಗ ಕೈಕಾಲು ಹಿಡಿತದಲ್ಲಿಲ್ಲವಂತೆ ಎಂದು ಮಾತಾಡಿಕೊಂಡದ್ದು ಆಮೇಲೆ ಒಬ್ಬರ ಬಾಯಿಂದ ಅವನ ಕಿವಿಗೂ ಬಿತ್ತು. ಬೇಸರದಿಂದ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಅವನಿಗೆ ಯಾವತ್ತೂ ತೊಂದರೆಯಿರಲಿಲ್ಲ.

ನವೆಂಬರಿನಲ್ಲಿ ವೇದಾ ಅವನ ಆಫೀಸಿಗೇ ಫೋನ್ ಮಾಡಿದರು.

"ನಮ್ಮ ಮೇಲೇನಾದ್ರೂ ಬೇಜಾರೇನೋ?"

"ಛೆ, ಇಲ್ಲ ಆಂಟಿ."

"ಮತ್ತೆ ಬಂದು ಇವರನ್ನ ಒಂದ್ಸಲ ಮಾತಾಡ್ಸು. ಗಾಡಿ ಮುಟ್ಟಲ್ಲ ಅಂತಾರೆ, ನಾನೇ ಓಡಿಸ್ಬೇಕು. ಕಪಿಲಾನ ಹೋದ ವಾರ ಮಾರಿದ್ರು. ಅದು ಹಾಳಾಗ್ಲಿ. ಆಸ್ಪತ್ರೇಲಿ ಆಪರೇಷನ್ ಮಾಡೋದೂ ಬಿಟ್ಟುಬಿಟ್ರು ಕಣೋ. ರಿಟೈರಾಗೋಕೆ ಇನ್ನೂ ಎರಡು ವರ್ಷ ಇತ್ತು. 'ಬ್ರೇಕ್ ಒತ್ತಿದೀನಿ ಅಂತ ನನ್ನ ತಲೆ ಹೇಳ್ತಿತ್ತು, ಕಾಲು ಒತ್ತಿರ್ಲಿಲ್ಲ, ಇಂಥವನು ಕತ್ತಿ ಹಿಡೀಬಾರ್ದು' ಅಂತಾರೆ. ನೀನು ಹೇಳಿದ್ರೆ ಕೇಳ್ತಾರೇನೋ."

ಫೋನ್ ಇಟ್ಟ ಮೇಲೆ ಅನುರಾಗ್ ಬಹಳ ಹೊತ್ತು ಪರೀಕ್ಷೆಯ ಸೀಟನ್ನು ನೋಡುತ್ತ ಕೂತ. ಅದು ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಬರುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನಿಸಿತು. ಅದು ಬಿಡಲಿಲ್ಲವಾದ್ದರಿಂದ ಸಂಜೆ ಗುಡ್ಡದ ಟ್ರಾಮ್ ಹತ್ತಿದ.

ಡಾಕ್ಟರು ಹಾಲಿನಲ್ಲಿ ಪತ್ರಿಕೆ ಓದುತ್ತಿದ್ದರು. ಇಳಿದುಹೋಗಿದ್ದರು. "ಬಾರಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ" ಎಂದು ನಗಲು ನೋಡಿದರು. ಅನುರಾಗ್ ಕೂರಲಿಲ್ಲ. ಬೂಟನ್ನೂ ಪೂರ್ತಿ ಬಿಚ್ಚಿರಲಿಲ್ಲ.

"ಅಂಕಲ್, ನಾನು ಕಾರು ಮಾಡೋನಲ್ಲ. ಸೀಟು ಸರಿಯೋ ಸಾಫ್ಟ್‌ವೇರ್ ಟೆಸ್ಟ್ ಮಾಡ್ತೀನಿ, ಅಷ್ಟೇ. ನಂಗೆ ಗಾಡಿ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಆ ಬೆಳ್ಳಿ ಗಾಡಿ ಮುಂದೆ ಕೂತ್ಕೋಬೇಕು ಅಂತ ಆಸೆಯಾಯ್ತು, ಅದಕ್ಕೆ ಎಳೆಯುತ್ತೆ ಅಂದೆ. ಅದು ಎಳೆಯೋ ಗಾಡಿನೇ ಅಲ್ಲ. ಭಾರಕ್ಕೆ ಜಾರ್ತು. ನೀವು ಬ್ರೇಕ್ ಒತ್ತಿದ್ರಿ. ನಾನು ಹಿಂದೇನೇ ನಿಂತಿದ್ದೆ, ಲೈಟು ಉರೀತಿದ್ದಿದ್ದು ನೋಡ್ದೆ."

ಡಾಕ್ಟರು ಪತ್ರಿಕೆಯನ್ನು ಕೆಳಗಿಟ್ಟರು. "ಯಾವಾಗ ಹತ್ತಿಕೊಂಡ್ತು? ಜಾರೋಕೆ ಶುರುವಾದ ಮೇಲೋ, ಮುಂಚೆನೋ?"

"ಮುಂಚೆ. ನಾನು ನಿಲ್ಸಿ ಅಂದ ತಕ್ಷಣ. ಮುಳುಗೋವರೆಗೂ ಉರೀತಾನೇ ಇತ್ತು. ನೀವು ಕಾಲು ತೆಗೀಲೇ ಇಲ್ಲ ಅಂಕಲ್."

ಅವನು ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಹೊಡೆದರೂ ಹೊಡೆಸಿಕೊಳ್ಳುವುದೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದ. ಆದರೆ ಡಾಕ್ಟರ ಮುಖ ನಿಧಾನವಾಗಿ ಅರಳತೊಡಗಿತು. ಕುರ್ಚಿಯಿಂದ ಎದ್ದೇ ಬಿಟ್ಟರು.

"ವೇದಾ! ಏ ವೇದಾ, ಬಾ ಇಲ್ಲಿ! ನಾನು ಒತ್ತಿದ್ದೆನಂತೆ ಕಣೇ! ಲೈಟು ಉರೀತಿತ್ತಂತೆ, ಇವನು ನೋಡಿದಾನೆ! ಕಾಲು ಸರಿಯಾಗೇ ಇತ್ತು!"

ವೇದಾ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದರು. ಗಂಡನನ್ನು ನೋಡಲಿಲ್ಲ, ಅನುರಾಗ್‌ನನ್ನು ನೋಡಿದರು.

"ಜೂನ್‌ನಲ್ಲೇ ನೋಡಿದ್ಯೇನೋ?"

"ಹೂಂ ಆಂಟಿ."

"ಆಸ್ಪತ್ರೇಲಿ ಇವರ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲೋ" ಎಂದರು ಮೆಲ್ಲಗೆ.

ಆ ಮಾತು ಡಾಕ್ಟರ ಕಿವಿಗೆ ಬೀಳಲೇ ಇಲ್ಲ. ಅವರು ಅನುರಾಗ್‌ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರಾಡುತ್ತಿತ್ತು. "ಥ್ಯಾಂಕ್ಸ್ ಕಣಯ್ಯಾ" ಎಂದರು, "ಬಂದು ಹೇಳಿದೆಯಲ್ಲ, ತುಂಬಾ ಉಪಕಾರವಾಯ್ತು." ಅವರು ಅದನ್ನು ಮತ್ತೆ ಮತ್ತೆ ಹೇಳಿದರು. ಕೈ ಬಿಡಿಸಿಕೊಳ್ಳಲು ಅನುರಾಗ್‌ಗೆ ಧೈರ್ಯವಾಗಲಿಲ್ಲ.