ಮಸ್ಕಿಯ ಚೇಳು

ಗಾಳೆಮ್ಮನ ಹೆಣಕ್ಕೆ ಎರಡನೆಯ ಕೊಡ ನೀರು ಸುರಿಯುವಷ್ಟರಲ್ಲಿ ಗುಡ್ಡದ ಕಡೆಯಿಂದ ಕುದುರೆಗಳ ಸಪ್ಪಳ ಕೇಳಿಸಿತು. ಅವಳ ಗುಡಿಸಲಲ್ಲೇ ಇದ್ದ ಅಯ್ಯಮ್ಮ ಕೊಡ ಹಿಡಿದಂತೆಯೇ ನಿಂತಳು.

"ಸುರುವು, ನಿಲ್ಲಬ್ಯಾಡ," ಎಂದಳು ದಾವಲ್‌ಬೀ.

ಬಳೆಗಾರ್ತಿ ದಾವಲ್‌ಬೀ ಹರೆಯದಿಂದಲೂ ಗಾಳೆಮ್ಮನ ಜೊತೆ ಸಂತೆ ತಿರುಗಿದವಳು. ಮುದಗಲ್ಲಾಗಲಿ, ಬಳಗಾನೂರಾಗಲಿ, ಇವಳ ಬಳೆಬುಟ್ಟಿ ಇಳಿದಲ್ಲಿ ಅವಳ ಹಚ್ಚೆಯ ಸೂಜಿಯೂ ಇಳಿಯುತ್ತಿತ್ತು. ಆ ಊರುಗಳ ಹೆಂಗಸರೇ ಈಗ ಸೀರೆ ಅಡ್ಡ ಹಿಡಿದು ಗುಡಿಸಲ ಮುಂದೆ ನಿಂತಿದ್ದರು.

ಸೀರೆಯ ಆಚೆ ಗಂಡುದನಿ ಕೇಳಿಸಿತು. "ಹೆಣ ಎತ್ತಬ್ಯಾಡ್ರಿ. ಮೊದಲು ಹೆಣ್ಮಕ್ಕಳ ಬಲಗೈ ನೋಡಬೇಕು."

ಲಿಂಗಸುಗೂರು ಕಡೆಯ ಜಮೀನ್ದಾರರ ವಾಡೆಯೊಂದರ ಕಾರಕೂನ ವೆಂಕೋಬ ಅದು. ಆ ದನಿ ಅಯ್ಯಮ್ಮನಿಗೆ ಮರೆಯುವಂಥದಲ್ಲ. ಸಿಂಧನೂರಿನಿಂದ ಬಂದಿದ್ದ ಗಾಳೆಮ್ಮನ ತಮ್ಮ ಹುಸೇನಪ್ಪ ಕೈಮುಗಿಯುವುದು ಸೀರೆಯ ಸಂದಿಯಲ್ಲಿ ಕಂಡಿತು.

"ಸಾವಿನ ಮನ್ಯಾಗ ಇದೇನ್ರೀ ಧಣಿ?"

"ನಮ್ಮ ವಾಡೇದಿಂದ ಯಮನಮ್ಮ ಅನ್ನಾಕಿ ಕಳುವು ಮಾಡಿ ಓಡಿ ಬಂದಾಳ. ಈ ಮುದುಕಿ ಅಕೀನ ಬಚ್ಚಿಟ್ಟಾಳ ಅಂತ ನನಗ ಆವಾಗಿಂದ ಗುಮಾನಿ. ಮುದುಕಿ ಸತ್ತ ದಿನ ಅಕಿ ಬರದ ಎಲ್ಲಿಗೆ ಹೋಗ್ತಾಳ? ನೋಡು, ಪೊಲೀಸರ್ನ ಕರಕೊಂಡೇ ಬಂದೀನಿ."

ಯಮನಮ್ಮ ಕದ್ದದ್ದು ಏನೂ ಇರಲಿಲ್ಲ. ಹುಡುಗಿಯಾಗಿದ್ದಾಗ ಉಟ್ಟ ಸೀರೆಯಲ್ಲಿ ಓಡಿ ಬಂದಿದ್ದಳು; ಈಗ ಮುಖ ಗುರುತು ಸಿಗುವಂತಿರಲಿಲ್ಲ. ಅಯ್ಯಮ್ಮ ಎಂಬ ಹೆಸರು ಆಮೇಲೆ ಗಾಳೆಮ್ಮ ಇಟ್ಟದ್ದು. ಇಷ್ಟು ವರ್ಷ ಸುಮ್ಮನಿದ್ದ ವಾಡೆ ಈಗ ಎದ್ದು ಕೂತದ್ದಕ್ಕೆ ಕಾರಣವಿತ್ತು. ಈ ಬೇಸಗೆಯಲ್ಲಿ ಅಲ್ಲಿಂದ ಮತ್ತಿಬ್ಬರು ಓಡಿದ್ದರು. ಮೊದಲು ಓಡಿದವಳನ್ನು ಹಿಡಿದು ತಂದು ನಿಲ್ಲಿಸದಿದ್ದರೆ ಉಳಿದ ಆಳುಗಳೂ ನಿಲ್ಲುವುದಿಲ್ಲವೆಂದು ವಾಡೆಯ ಧಣಿಗೆ ಹೆದರಿಕೆ ಹತ್ತಿತ್ತು.

*

ವಾಡೆಯ ಎತ್ತುಗಳ ತೊಡೆಗೆ ಕುಡುಗೋಲಿನ ಆಕಾರದ ಬರೆ ಹಾಕುತ್ತಿದ್ದರು. ಆಳು ಹೆಣ್ಣುಮಕ್ಕಳಿಗೂ ಅದೇ ಗುರುತು, ಬಲ ಮುಂಗೈ ಮೇಲೆ. ಅದಕ್ಕೆ ಬೆಂಕಿಯ ಬದಲು ಸೂಜಿ. ಯಮನಮ್ಮನ ಸರದಿ ಬಂದ ವರ್ಷ ಆ ಕೆಲಸಕ್ಕೆ ಗಾಳೆಮ್ಮನನ್ನು ಕರೆಸಿದ್ದರು. ಒಲ್ಲೆನೆಂದರೆ ಆ ಸೀಮೆಯ ಒಂದು ಊರಿಗೂ ಕಾಲಿಡಲು ಬಿಡುವುದಿಲ್ಲವೆಂದು ವೆಂಕೋಬ ಬಾಗಿಲಲ್ಲೇ ಹೇಳಿದ್ದ.

ಗಾಳೆಮ್ಮ ಹಚ್ಚೆ ಹಾಕುವಾಗ ಹಾಡುವವಳು. ನೋವು ಕಿವಿಗೆ ಹೋದರೆ ಕೈಯಲ್ಲಿ ಉಳಿಯುವುದಿಲ್ಲ ಎಂದು ಅವಳ ಅಜ್ಜಿ ಕಲಿಸಿದ್ದಳು. ಆವತ್ತು ಮಾತ್ರ ಹಾಡು ಬರಲಿಲ್ಲ. ಸರದಿಯ ಕೊನೆಗಿದ್ದ ಹುಡುಗಿ ಸೆರಗು ಕಚ್ಚಿಕೊಂಡು, ಸೂಜಿಯನ್ನು ಬಿಟ್ಟು ಗಾಳೆಮ್ಮನ ಮುಖವನ್ನೇ ನೋಡುತ್ತ ಕೂತಿದ್ದಳು.

ಎರಡು ಮಳೆಗಾಲ ಕಳೆದ ಮೇಲೆ ಆ ಹುಡುಗಿ ಕಾಲಲ್ಲಿ ರಕ್ತ ಸುರಿಸಿಕೊಂಡು ಮಸ್ಕಿಯ ಗುಡಿಸಲ ಮುಂದೆ ಬಂದು ನಿಂತಳು. ಕೈ ಮುಂದೆ ಚಾಚಿ, "ನೀನ ಹಾಕೀದಿ. ನೀನ ಅಳಸು," ಎಂದಳು.

ಗಾಳೆಮ್ಮ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಅಳಸಾಕ ನನಗ ಬರಂಗಿಲ್ಲ ಮಗಳ," ಎಂದಳು ಕಡೆಗೆ. "ಬೆಳಸಾಕ ಬರ್ತದ."

ಕುಡುಗೋಲಿನ ಬಾಗು ಚೇಳಿನ ಬಾಲವಾಯಿತು. ಅದಕ್ಕೆ ಮೈ ಬಂತು, ಕಾಲು ಬಂದವು, ಕೊಂಡಿ ಬಂತು.

*

ಆಮೇಲೆ ಗಾಳೆಮ್ಮನಿಗೆ ಚೇಳಿನ ಹುಚ್ಚು ಹಿಡಿಯಿತು. ಮಸ್ಕಿ ಗುಡ್ಡದ ಕಲ್ಲು ಮಗುಚಿ ಚೇಳು ಹರಿಯುವುದನ್ನು ನೋಡುತ್ತ ಕೂರುವಳು. ನವಿಲು ಬೇಕೆಂದು ಬಂದವರಿಗೆ ನವಿಲು ಹಾಕುವಳು, ತುಳಸಿಕಟ್ಟೆ ಬೇಕೆಂದವರಿಗೆ ತುಳಸಿಕಟ್ಟೆ. ಮುಗಿದ ಮೇಲೆ ಕೈ ಬಿಡುತ್ತಿರಲಿಲ್ಲ. "ಒಂದು ಚೇಳು ಹಾಕಿಸ್ಕೋಬೇ, ದೃಷ್ಟಿ ತಾಕಂಗಿಲ್ಲ. ಕೂಲಿ ಕಾಳು ಬ್ಯಾಡ, ಸುಮ್ನ ಹಾಕ್ತೀನಿ."

"ಗಾಳೆಮ್ಮಗ ಚೇಳು ಬಿಟ್ಟು ಬ್ಯಾರೆ ಬರಂಗಿಲ್ಲ ಅಂತ ಜನ ನಗಾಕತ್ತಾರ," ಎಂದು ಅಯ್ಯಮ್ಮ ಸಿಟ್ಟಾಗಿದ್ದಳು. "ಅದೂ ಬಾಲಕ್ಕ ತೆಳು ಮಸಿ, ಮೈಗೆ ದಪ್ಪ ಮಸಿ. ಒಂದ ಗರಟ್ಯಾಗ ಕಲಸಾಕ ನಿನಗೇನು ಧಾಡಿ?"

"ನಗಲಿ ಬಿಡು," ಎಂದಿದ್ದಳು ಗಾಳೆಮ್ಮ.

*

ಹೆಣವನ್ನು ಒರೆಸಿ, ಹೊಸ ಸೀರೆ ಉಡಿಸಿ ಮರೆಯಿಂದ ಹೊರಗೆ ತಂದರು. ವೆಂಕೋಬ ಸಾಲಾಗಿ ಕೂತ ಹೆಂಗಸರ ಮುಂದೆ ಒಂದೊಂದೇ ಹೆಜ್ಜೆ ಸರಿಯುತ್ತ ಬಂದ. ನವಿಲು, ತುಳಸಿಕಟ್ಟೆ, ಚೇಳು ಕಂಡವು; ಕುಡುಗೋಲು ಎಲ್ಲಿಯೂ ಕಾಣಲಿಲ್ಲ. ಅಯ್ಯಮ್ಮ ಹೆಣದ ತಲೆಯ ಹತ್ತಿರ ಕೂತಿದ್ದಳು.

"ನಿಂದು?"

ಅವಳು ಕೈ ಚಾಚಿದಳು. ವೆಂಕೋಬ ಬಗ್ಗಿದ. ಮುಂದೆ ಹೋಗಲು ಕಾಲೆತ್ತಿದವನು ಮತ್ತೆ ಬಗ್ಗಿದ. ಹೆಬ್ಬೆರಳಿಗೆ ಉಗುಳು ಹಚ್ಚಿ ಚೇಳಿನ ಬಾಲವನ್ನು ತಿಕ್ಕಿದ.

"ಬಾಲ ಮಾಸೇದ," ಎಂದ ಮೆಲ್ಲಗೆ. "ಮೈ ಕರ್ರಗದ." ಮುಖದ ಮೇಲೆ ನಗು ಹರಡಿತು. "ಬಾಲ ಮೊದಲು ಹುಟ್ಟೇದ, ಚೇಳು ಆಮ್ಯಾಲ ಹುಟ್ಟೇದ! ಇದು ನಮ್ಮ ಕುಡುಗೋಲು. ಹೌದಲ್ಲೇ, ಯಮನೀ?"

ಅವನು ಅವಳ ಮಣಿಕಟ್ಟು ಹಿಡಿದು ಎಳೆದ. ಪೊಲೀಸ್ ಜವಾನ ಹಗ್ಗ ಬಿಚ್ಚಿದ. ಹುಸೇನಪ್ಪ ಒಂದು ಹೆಜ್ಜೆ ಮುಂದೆ ಬಂದು, ಜವಾನನ ಸೊಂಟದ ಕತ್ತಿ ನೋಡಿ ನಿಂತುಬಿಟ್ಟ.

"ತಡೀರಿ," ಎಂದು ದಾವಲ್‌ಬೀ ಎದ್ದಳು.

ಅವಳ ಕೈತುಂಬ ಮೊಣಕೈವರೆಗೆ ಬಳೆ. ಒಂದು ಕ್ಷಣ ಗುಂಪಿನ ಹಿಂದೆ ನಿಂತಿದ್ದ ತನ್ನ ಅಣ್ಣನ ಕಡೆ ನೋಡಿದಳು. ಆಮೇಲೆ ಬಳೆಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆ ನೂಕಿದಳು. ಕೆಲವು ಒಡೆದು ಬಿದ್ದವು. ಕೆಳಗೆ ಚೇಳಿತ್ತು. ಬಾಲ ಮಾಸಲು, ಮೈ ಕಪ್ಪು.

"ದಾವಲ್!" ಎಂದು ಅಣ್ಣ ಚೀರಿದ. "ನಮ್ಮ ಮನೆತನದಾಗ ಹಚ್ಚಿ? ಧರ್ಮಕ್ಕ ಒಗ್ಗದ್ದು! ತೋಬಾ ತೋಬಾ!"

ದಾವಲ್‌ಬೀ ಅತ್ತ ತಿರುಗಲಿಲ್ಲ. "ನನ್ನೂ ಕಟ್ರಿ ಮುನ್ಶೀಜಿ. ನಾನೂ ನಿಮ್ಮ ವಾಡೆದಾಕೀನ ಇರಬೇಕು."

ಬಳಗಾನೂರಿನ ಮುದುಕಿಯೊಬ್ಬಳು ಕೂತಲ್ಲಿಂದಲೇ ಕೈ ಎತ್ತಿದಳು. "ನಂದೂ ಮಾಸೇದ ನೋಡ್ರಿ." ಮುದಗಲ್ಲಿನ ಎಳೆಯ ತಾಯಿಯೊಬ್ಬಳು ಕೂಸನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದಳು. ಅವಳ ಹಿಂದಿನವಳೂ ಚಾಚಿದಳು, ಅವಳ ಪಕ್ಕದವಳೂ. ವೆಂಕೋಬ ಅಯ್ಯಮ್ಮನ ಮಣಿಕಟ್ಟು ಬಿಟ್ಟು ಒಂದೊಂದು ಕೈ ಹಿಡಿದು ತಿಕ್ಕಿದ. ಎಲ್ಲ ಬಾಲಗಳೂ ಕುಡುಗೋಲಿನಂತೆಯೇ ಬಾಗಿದ್ದವು. ಎಲ್ಲವೂ ಮಾಸಿದ್ದವು.

ಅಯ್ಯಮ್ಮ ಆ ಕೈಗಳನ್ನು ನೋಡುತ್ತ ಹೋದಳು. ಇಷ್ಟು ವರ್ಷ ಯಾವ ಯಾವ ಸಂತೆಯಲ್ಲಿ ಗಾಳೆಮ್ಮ ಯಾರಿಗಾಗಿ ಬೆನ್ನು ಬಗ್ಗಿಸಿ ಕೂತಿದ್ದಳೆಂಬುದು ಆಗ ಅವಳಿಗೆ ತಿಳಿಯಿತು. ಸತ್ತವಳ ಮುಖದ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಕ್ಯಾ ಮುನ್ಶೀಜಿ?" ಎಂದ ಜವಾನ ಹಗ್ಗ ಸುತ್ತುತ್ತ. "ಯಾರ್ನ ಹಿಡೀಲಿ ಹೇಳ್ರಿ. ಇಷ್ಟು ಮಂದಿಗೆ ಲಿಂಗಸೂರ ಠಾಣ್ಯಾಗ ಜಾಗ ಇಲ್ಲ."

ಯಾರೋ ಕಿಸಕ್ಕೆಂದರು. ವೆಂಕೋಬ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡ. "ಮತ್ತ ಬರ್ತೀನಿ," ಎಂದ. ಕುದುರೆಗಳ ಧೂಳು ಲಿಂಗಸುಗೂರು ದಾರಿಯಲ್ಲಿ ಮರೆಯಾಗುವ ತನಕ ಚಾಚಿದ ಕೈಗಳು ಹಾಗೆಯೇ ಇದ್ದವು.

ಹಳ್ಳದ ದಂಡೆಯಲ್ಲಿ ಕುಣಿ ತೋಡಿದ್ದರು. ಗಾಳೆಮ್ಮನನ್ನು ಇಳಿಸಿದ ಮೇಲೆ ಹುಸೇನಪ್ಪ, "ಮಗಳು ಮೊದಲು ಮಣ್ಣು ಹಾಕಲಿ," ಎಂದ. ಹೆಂಗಸರು ಸರಿದು ದಾರಿ ಬಿಟ್ಟರು.

ಅಯ್ಯಮ್ಮ ಮಂಡಿಯೂರಿ ಬೊಗಸೆ ತುಂಬ ಮಣ್ಣು ಹಾಕಿದಳು. ಇನ್ನೊಂದು ಬೊಗಸೆ ಹಾಕಿದಳು. ಎದ್ದೇಳಬೇಕಿತ್ತು, ಏಳಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಮೈಯೆಲ್ಲ ಅಲ್ಲಾಡಿಸುತ್ತ ಬಂತು. ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ಹಾಕತೊಡಗಿದಳು. ಅವಳ ಹಿಂದೆ ಹುಸೇನಪ್ಪ ಸಲಿಕೆ ಹಿಡಿದು ಕಾಯುತ್ತ ನಿಂತ.