ಚಿರತೆಯ ಬಾಯಿಗೆ ಮೀನು

ಹಬ್ಬಕ್ಕೆ ಮುಂಚೆ ಪಟ್ಟಣದ ಬೊಂಬೆಗಳನ್ನೆಲ್ಲ ಒಮ್ಮೆ ಸುತ್ತಿ ನೋಡುವುದು ಗಾರೆ ಕೆಲಸದ ಮುದುಕ ಎಜಿರ್‌ನ ರೂಢಿ. ಘಾನಾ ಕರಾವಳಿಯ ಆ ಪಟ್ಟಣದಲ್ಲಿ ಕೇರಿಗೊಂದು ಪಡೆ, ಪಡೆಗೊಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಅವರವರ ಗುರುತಿನ ಬೊಂಬೆ: ಸಿಂಹ, ಹಡಗು, ಕೋವಿ ಹಿಡಿದ ಸಿಪಾಯಿ. ಈ ಸಲ ಜೊತೆಗೆ ಮಗಳು ಅರಬಾಳ ಮಗ ಫಿಫಿ ಬಂದಿದ್ದ. ಕಡಲಕೇರಿಯ ಕಟ್ಟೆಯೆದುರು ಅವನ ಕಾಲು ನಿಂತಿತು. ಮಕ್ಕಳು ಸೇರುವುದು ತಂದೆಯ ಪಡೆಗೆ. ಹಾಗಾಗಿ ಅಲ್ಲಿನ ಮೀಸೆಯ ನೀಲಿ ಮೀನು ಅವನದು. ಹಬ್ಬದಲ್ಲಿ ಆ ಪಡೆಯ ಬಾವುಟ ಕುಣಿಸುವವನೂ ಅವನೇ. ಎಜಿರ್‌ನ ಪಡೆಯ ಗುರುತು ಚಿರತೆ.

“ನಿಮ್ಮ ಚಿರತೆಗೆ ಹೊಟ್ಟೆ ಬಂದಿದೆ ತಾತ, ನಿಮ್ಮ ಹಾಗೇ,” ಎಂದು ಫಿಫಿ ನಕ್ಕ. “ನಮ್ಮ ಮೀನು ನೋಡಿ, ಎಷ್ಟು ಚುರುಕು.”

ಎಜಿರ್‌ಗೆ ನಗು ಬರಲಿಲ್ಲ. ಅವನ ಪಡೆಯ ನಾಯಕ ಅಮಿಸ್ಸಾ ಬೆಳಿಗ್ಗೆಯೇ ಅಪ್ಪಣೆ ಕೊಟ್ಟಿದ್ದ: ಚಿರತೆಯ ಬಾಯಲ್ಲಿ ಮೀನಿಡಬೇಕು. ಇನ್ನೊಂದು ಪಡೆಯ ಗುರುತನ್ನು ಹೀಗೆ ಹಂಗಿಸಿದರೆ ರಕ್ತ ಹರಿಯದೆ ಮುಗಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ನನ್ನ ಮೊಮ್ಮಗ ಆ ಕಡೆ ಇದ್ದಾನೆ,” ಎಂದಿದ್ದ ಎಜಿರ್.

“ಹಾಗಾದ್ರೆ ನೀನೂ ಅಲ್ಲಿಗೇ ಹೋಗು. ನಿನ್ನ ಹೆಣ ಹೊರೋಕೂ ಅವರೇ ಬರ್ಲಿ.”

ಸತ್ತವರನ್ನು ಹೊರುವವರು ಅವರವರ ಪಡೆಯವರೇ. ಆ ಮಾತಿಗೆ ಅವನು ಸೋತ. ಮೀನು ಮಾಡಿದ. ಆದರೆ ಮೀಸೆ ಇಡಲಿಲ್ಲ, ಬೆನ್ನಿಗೆ ರೆಕ್ಕೆ ಇಡಲಿಲ್ಲ, ನೀಲಿಯ ಬದಲು ಬೂದು ಬಳಿದ. ಯಾವುದೋ ಹೊಳೆಮೀನು ಅಂದುಕೊಂಡಾರು ಎಂದು ತನಗೆ ತಾನೇ ಹೇಳಿಕೊಂಡ.

ಹಬ್ಬದ ದಿನ ಕಡಲಕೇರಿಯ ಮೆರವಣಿಗೆ ಚಿರತೆಯೆದುರು ಗಕ್ಕನೆ ನಿಂತಿತು. ಡೋಲಿನ ಸದ್ದಡಗಿತು. ಫಿಫಿ ಬಾವುಟವನ್ನು ತೋಳಿಗೆ ಸುತ್ತಿಕೊಂಡು ಒಬ್ಬನೇ, ಕಟ್ಟೆಯ ಬಳಿ ನಿಂತಿದ್ದ ಎಜಿರ್‌ನ ಮುಂದೆ ಬಂದ.

“ತಾತ, ಅದು ನಮ್ಮ ಮೀನಾ?”

ಹೌದೆಂದರೆ ಅಲ್ಲೇ ಹೊಡೆದಾಟ. “ಅಲ್ಲ ಕಣಪ್ಪ. ಹೊಳೆಮೀನು. ಮೀಸೆಯೇ ಇಲ್ಲ ನೋಡು.”

ಫಿಫಿ ನೋಡಿದ. ನಂಬಿದನೋ, ನಂಬಿದಂತೆ ಮಾಡಿದನೋ, ತನ್ನವರ ಕಡೆ ತಿರುಗಿ ಕೈಯೆತ್ತಿದ. “ನಮ್ಮದಲ್ಲ. ಮಾಡಿದವರೇ ಹೇಳ್ತಿದ್ದಾರೆ. ನಡೀರಿ.”

“ಅಮ್ಮನ ತವರಿನ ಶೇಂಗಾ ಸಾರಿನ ರುಚಿ ಹತ್ತಿದೆ ಇವನಿಗೆ,” ಎಂದಿತು ಅವನದೇ ಸಾಲಿನಿಂದ ಒಂದು ದನಿ. “ಬಾವುಟ ಮಾರ್ಕೊಂಡ.”

ಮೊದಲ ಕಲ್ಲೂ ಅಲ್ಲಿಂದಲೇ ಬಂದು ಫಿಫಿಯ ಹಣೆಗೆ ಬಡಿಯಿತು. ಎಜಿರ್ ಹಿಡಿಯುವಷ್ಟರಲ್ಲಿ ಮೊಮ್ಮಗನ ತಲೆ ಕಟ್ಟೆಯ ಮೆಟ್ಟಿಲಿಗೆ ಅಪ್ಪಳಿಸಿತ್ತು. ಆಮೇಲೆ ಎರಡೂ ಕಡೆಯಿಂದ ಕಲ್ಲು, ಬಾಟಲಿ.

ಪೊಲೀಸರು ಬಂದು ಜನ ಚದುರಿದ ಮೇಲೆ ಅರಬಾ ಬಂದಳು. ಅಷ್ಟರಲ್ಲಿ ಮಗನ ಉಸಿರು ನಿಂತಿತ್ತು. ಕಲ್ಲೆಸೆದವರು ಯಾರೆಂದು ಅವಳು ಕೇಳಲಿಲ್ಲ. ಮಗನ ತಲೆಯ ಕೆಳಗಿದ್ದ ಅಪ್ಪನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ನೀವು ಮುಟ್ಬೇಡಿ,” ಎಂದಳು.