ವಿಜಯಾ ಹೇಳಿದ ರೇಸುಗಳು

ನನ್ನ ಮಗಳು ವಿಜಯಶ್ರೀ ನನಗೆ ಸುಳ್ಳು ಹೇಳುತ್ತಿದ್ದಾಳೆ ಎಂಬ ಅನುಮಾನ ಮೊದಲು ಹುಟ್ಟಿದ್ದು ಮೂವತ್ತು ಕಿಲೋ ಕಬ್ಬಿಣದಿಂದ. ಹುಟ್ಟಿದ ಮೇಲೆ ಅದು ನನ್ನನ್ನು ಉಣ್ಣಲೂ ಬಿಡಲಿಲ್ಲ, ಮಲಗಲೂ ಬಿಡಲಿಲ್ಲ.

ನನ್ನ ಹೆಸರು ದತ್ತಪ್ಪ. ಕಲಬುರಗಿಯಿಂದ ಕಮಲಾಪುರದ ಕಡೆಗೆ ಬಸ್ಸು ಓಡಿಸುವುದರಲ್ಲೇ ಆಯುಷ್ಯದ ಬಹುಪಾಲು ಕಳೆದವನು. ಸಕ್ಕರೆ ಕಾಯಿಲೆ ನನ್ನ ಬಲಗಣ್ಣನ್ನು ಪೂರ್ತಿ ತಿಂದುಹಾಕಿದೆ. ಎಡಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿದೆ. ಬಾಗಿಲಲ್ಲಿ ಯಾರೋ ನಿಂತರೆ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ವಿಜಯಾ ಮಾತ್ರ ಗೊತ್ತಾಗುತ್ತಾಳೆ, ಅವಳು ಒಂದು ಭುಜ ವಾಲಿಸಿ ನಿಲ್ಲುತ್ತಾಳೆ.

ಆ ಎಡಗಣ್ಣಿಗೆ ಆಪರೇಶನ್ ಆಗಬೇಕಿತ್ತು. ದವಾಖಾನೆಯಲ್ಲಿ ನನ್ನ ಕಣ್ಣಿಗೆ ಹನಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿ, ಡಾಕ್ಟರಮ್ಮ ವಿಜಯಾಳನ್ನು ಒಳಗೆ ಕರೆದು ಮಾತಾಡಿದರು. ಅವಳು ಬಂದು, ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಕಾಣಿಸುತ್ತದಂತೆ, ಚಿಂತೆ ಮಾಡಬೇಡ ಎಂದಳು. ಆ ಒಂದು ಮಾತಿನ ಮೇಲೆ ನಾನು ಒಪ್ಪಿಕೊಂಡೆ. ಒಮ್ಮೆ ಮೇಜಿನ ತನಕ ಹೋಗಿಯೂ ಬಂದೆ. ಬಿ.ಪಿ. ಏರಿದೆ ಎಂದು ವಾಪಸ್ ಕಳಿಸಿದರು. ಏರದೆ ಏನು ಮಾಡೀತು, ಮೇಜಿನ ಮೇಲೆ ಮಲಗಿದವನು ನಾನು. ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಮುಂದಿನ ತಾರೀಖು ಒಂದು ಸೋಮವಾರಕ್ಕೆ ಸಿಕ್ಕಿತು.

ಇನ್ನು ಆ ಕಬ್ಬಿಣದ ವಿಷಯ. ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರ ಮೊಮ್ಮಗ ಸಾಯಿಕುಮಾರ ದಿನಾ ನನ್ನ ಬಸ್ಸಿನಲ್ಲಿ ಕಲಬುರಗಿಯ ಶಾಲೆಗೆ ಬರುತ್ತಿದ್ದ. ಸೀಟು ಖಾಲಿ ಇದ್ದರೂ ನನ್ನ ಪಕ್ಕದ ಇಂಜಿನ್ ಡಬ್ಬಿಯ ಮೇಲೆಯೇ ಕೂರಬೇಕು ಅವನಿಗೆ. ಕುಂಡಿ ಸುಟ್ಟರೂ ಏಳುತ್ತಿರಲಿಲ್ಲ. ಈಗ ಅವನು ದೇಶದ ಟೂರಿಂಗ್ ಕಾರ್ ರೇಸಿನಲ್ಲಿ ಓಡಿಸುತ್ತಾನೆ. ಟೂರಿಂಗ್ ಕಾರ್ ಎಂದರೆ ರೆಕ್ಕೆ ಕಟ್ಟಿಕೊಂಡ ಸಪೂರ ಗಾಡಿಗಳಲ್ಲ. ನಮ್ಮ ನಿಮ್ಮ ಮನೆ ಮುಂದೆ ನಿಲ್ಲುವಂಥವೇ, ಬಾಗಿಲು ಟಾಪು ಎಲ್ಲ ಇರುವ ಕಾರುಗಳು. ಒಳಗಿನದನ್ನೆಲ್ಲ ಕಿತ್ತು ಹಗುರ ಮಾಡಿರುತ್ತಾರೆ, ಅಷ್ಟೇ. ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಮುಂದೆ ನುಗ್ಗುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯ ಆಟೋಗಳ ನಡುವೆ ಬಸ್ಸು ತೂರಿಸಿದ ನನಗೆ ನೋಡಿದ ಕೂಡಲೇ ಈ ಆಟ ತಿಳಿಯಿತು, ತಲೆಗೂ ಏರಿತು. ಕಣ್ಣು ಹೋದ ಮೇಲೆ ವಿಜಯಾ ಫೋನು ಹಿಡಿದು ನೋಡುವುದು, ಹೇಳುವುದು. ನಾನು ಕೇಳುವುದು.

ಆ ರೇಸಿನಲ್ಲಿ ಒಂದು ಕಟ್ಟಳೆ ಇದೆ. ಗೆದ್ದವನ ಗಾಡಿಗೆ ಮುಂದಿನ ರೇಸಿನಲ್ಲಿ ಮೂವತ್ತು ಕಿಲೋ ಕಬ್ಬಿಣದ ಹಲಗೆ ಬಿಗಿಯುತ್ತಾರೆ. ಮತ್ತೆ ಗೆದ್ದರೆ ಇನ್ನಷ್ಟು. ಒಬ್ಬನೇ ಎಲ್ಲ ಗೆದ್ದುಕೊಂಡು ಹೋಗಬಾರದು ಎಂದು. ಒಟ್ಟು ಆರು ರೇಸು. ಮೊದಲನೆಯದರಲ್ಲಿ ಸಾಯಿಕುಮಾರ ಮೂರನೆಯವನಾದ. ಎರಡನೆಯದು ಗೆದ್ದ. ಅವೆರಡನ್ನೂ ಸ್ಪೀಕರ್ ಹಾಕಿ ಕೇಳಿದ್ದೆ, ಇಂಜಿನ್ನಿನ ಸದ್ದಿನ ನಡುವೆ ಅವನ ಹೆಸರು ಕೂಗುವುದು ಕಿವಿಗೆ ಬಿದ್ದಿತ್ತು. ಮೂರನೆಯದರ ಹೊತ್ತಿಗೆ ಫೋನಿನ ಸ್ಪೀಕರ್ ಕೆಟ್ಟಿದೆ ಎಂದು ವಿಜಯಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಾನೇ ಹೇಳತೊಡಗಿದಳು. ಅದು ನಾನು ಆಪರೇಶನ್ ಮೇಜಿನಿಂದ ವಾಪಸ್ ಬಂದ ವಾರ. ಸಾಯಿಕುಮಾರ ಮತ್ತೆ ಗೆದ್ದ. ನಾಲ್ಕನೆಯದರಲ್ಲಿ ಎರಡನೆಯವನಾದ. ಐದನೆಯದನ್ನು ಮತ್ತೆ ಗೆದ್ದ. ನನ್ನ ಬಿ.ಪಿ. ಇಳಿಯಿತು. ನರ್ಸಮ್ಮ ಏನು ಮಾಡಿದಿರಿ ಅಂಕಲ್ ಎಂದು ಕೇಳಿದರು. ನಮ್ಮ ಹುಡುಗ ಗೆಲ್ಲುತ್ತಿದ್ದಾನೆ ಎಂದು ಎದೆಯುಬ್ಬಿಸಿ ಹೇಳಿ ಬಂದೆ.

ಅನುಮಾನ ಬಂದದ್ದು ಒಂದು ಮಧ್ಯಾಹ್ನ, ಸುಮ್ಮನೆ ಅಡ್ಡಾದಾಗ. ನಾಲ್ಕನೇ ರೇಸಿನಲ್ಲಿ ಅವನು ನೇರ ದಾರಿಯಲ್ಲಿ ಇಬ್ಬರನ್ನು ಹಿಂದೆ ಹಾಕಿದ ಎಂದಿದ್ದಳು ವಿಜಯಾ. ಮೈಮೇಲೆ ಅಷ್ಟು ತೂಕ ಹೊತ್ತ ಗಾಡಿ ಹಗುರವಾದ ಗಾಡಿಗಳನ್ನು ನೇರ ದಾರಿಯಲ್ಲಿ ಹಿಂದೆ ಹಾಕೀತು ಹೇಗೆ? ತಿರುವಿನಲ್ಲಿ ಅಂದಿದ್ದರೆ ನಂಬುತ್ತಿದ್ದೆ, ತಿರುವಿನಲ್ಲಿ ಡ್ರೈವರನ ಕೈ ಇರುತ್ತದೆ. ಜಾತ್ರೆಯ ದಿನ ಟಾಪಿನ ಮೇಲೂ ಜನ ತುಂಬಿಕೊಂಡು ಕಮಲಾಪುರದ ಏರು ಹತ್ತಿಸಿದವನು ನಾನು. ತೂಕಕ್ಕೆ ಯಾರ ಮುಲಾಜೂ ಇಲ್ಲ. ನೋಡೋಣವೆಂದು ಸಂಜೆ ಕೇಳಿದೆ, ನಾಲ್ಕನೇ ರೇಸಿನಲ್ಲಿ ಅವನ ಗಾಡಿಗೆ ಎಷ್ಟು ತೂಕ ಬಿಗಿದಿದ್ದರು ಎಂದು. ಅವಳು ಒಲೆಯ ಹತ್ತಿರ ಏನೋ ಸಪ್ಪಳ ಮಾಡಿದಳು. ಅದೆಲ್ಲ ಅವರು ತೋರಿಸಲಿಲ್ಲ ಎಂದಳು. ಆಮೇಲೆ ಅವಳ ಆಫೀಸಿನಿಂದ ಫೋನು ಬಂತು. ನಂದೂರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ಕೈಯಲ್ಲಿ ಹಿಟ್ಟಿತ್ತೇನೋ, ಮರೆತು ಸ್ಪೀಕರ್ ಹಾಕಿದಳು. ಸ್ಪೀಕರ್ ಚೆನ್ನಾಗಿಯೇ ಇತ್ತು.

ರೇಸು ಸುಳ್ಳಾದರೆ ಹಾಳಾಗಿ ಹೋಗಲಿ. ನನ್ನನ್ನು ಕಾಡಿದ್ದು ಬೇರೆ. ಅದನ್ನು ಸುಳ್ಳು ಹೇಳಿದವಳು ಡಾಕ್ಟರ ಮಾತನ್ನು ಖರೆ ಹೇಳಿರುತ್ತಾಳೆಯೇ? ಹತ್ತರಲ್ಲಿ ಒಂಬತ್ತು. ಅದನ್ನೂ ಅವಳೇ ಬಂದು ಹೇಳಿದ್ದು.

ತಿಳಿದುಕೊಳ್ಳುವುದು ಕಷ್ಟವಿರಲಿಲ್ಲ. ಸಂಜೆಯಾದರೆ ಸ್ಟೇಶನ್ ಬಜಾರಿನ ಚಹಾದಂಗಡಿಯಲ್ಲಿ ನನ್ನ ಜೊತೆ ಕೂರುವವನು ಬುರ್ಹಾನುದ್ದೀನ್, ನನ್ನ ಬಸ್ಸಿನ ಹಳೇ ಕಂಡಕ್ಟರ್. ಅವನ ಕಿಸೆಯಲ್ಲಿ ಫೋನಿದೆ. ರೇಸೆಂದರೆ ಅವನಿಗೆ ತಮಾಷೆ. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ನಿಲ್ಲುವ ಗಾಡಿಗೆ ಟಿಕೆಟ್ ಯಾರು ಹರಿಯಬೇಕು ಉಸ್ತಾದ್ ಎಂದು ಕಾಡುತ್ತಾನೆ. ಒಂದು ಮಾತು ಕೇಳಿದ್ದರೆ ಹುಡುಕಿ ಹೇಳುತ್ತಿದ್ದ. ನಾನು ಬಾಯಿ ತೆರೆದೆ, ಬುರ್ಹಾನ್ ಭಾಯಿ ಅಂದೆ, ಆಮೇಲೆ ಅವನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದೆ. ಮರುದಿನವೂ ಹಾಗೆಯೇ ಆಯಿತು. ಮೊಣಕಾಲಿನ ಮೇಲೆ ನನಗೆ ಇಷ್ಟು ಕಾಳಜಿ ಯಾಕೆಂದು ಅವನಿಗೇ ಆಶ್ಚರ್ಯವಾಗಿರಬೇಕು. ನನಗೆ ಹೆದರಿಕೆಯಾಗಿತ್ತು. ಕೇಳದಿದ್ದರೆ ಒಂಬತ್ತು ಇನ್ನೂ ಒಂಬತ್ತಾಗಿಯೇ ಇರುತ್ತದೆ.

ಕೊನೆಯ ರೇಸು ಆಪರೇಶನ್ನಿನ ಹಿಂದಿನ ದಿನ, ಭಾನುವಾರ. ಹುಡುಗ ಮುಂದಿದ್ದಾನೆ, ಇದೊಂದು ದಾಟಿದರೆ ಚಾಂಪಿಯನ್, ಅವನ ಊರಿನಲ್ಲೇ ಕೂತು ಕೇಳೋಣ, ನನ್ನ ತಂಗಿ ಪುತಳಾಬಾಯಿಯ ಮನೆ ಇದೆಯಲ್ಲ ಎಂದೆ. ವಿಜಯಾ ಬಿಸಿಲು ಅಂದಳು, ಬಿ.ಪಿ. ಅಂದಳು, ಬಸ್ಸಿನಲ್ಲಿ ಧೂಳು ಅಂದಳು. ನಾನು ಹಟ ಹಿಡಿದೆ. ಅವಳು ಬೇಡವೆಂದಷ್ಟೂ ನನ್ನ ಹಟ ಹೆಚ್ಚಾಯಿತು, ಹೆದರಿಕೆಯೂ ಹೆಚ್ಚಾಯಿತು.

ಕಮಲಾಪುರದಲ್ಲಿ ಇಳಿದು ನಿಂತು ಕೇಳಿಸಿಕೊಂಡೆ. ಮಗನೊಬ್ಬ ದೇಶಕ್ಕೇ ಮೊದಲಿಗನಾಗುವ ದಿನ ಊರು ಸುಮ್ಮನಿರುತ್ತದೆಯೇ? ಮೈಕು ಇರಬೇಕು, ಹುಡುಗರ ಗದ್ದಲ ಇರಬೇಕು, ಬಸ್ ನಿಲ್ದಾಣದಲ್ಲಿ ನಾಲ್ಕು ಜನರಾದರೂ ಅವನ ಹೆಸರು ಹೇಳುತ್ತಿರಬೇಕು. ಯಾವುದೋ ಬಸ್ಸು ಹಾರನ್ ಹಾಕುತ್ತಿತ್ತು. ಯಾರೋ ಚಿಲ್ಲರೆಗಾಗಿ ಜಗಳವಾಡುತ್ತಿದ್ದರು. ಕೆಂಬಾಳೆ ಮಾರುವವನನ್ನು ನಿಲ್ಲಿಸಿ ಇವತ್ತು ಊರಲ್ಲಿ ಏನಾದರೂ ವಿಶೇಷವಿದೆಯೇ ಎಂದು ಕೇಳಿದೆ.

"ಏನಿಲ್ರಿ ಯಜಮಾನ್ರ. ಭಾನುವಾರ, ಅಷ್ಟೇ" ಎಂದ ಅವನು.

ನನ್ನ ಕೈ ಹಿಡಿದಿದ್ದ ವಿಜಯಾಳ ಅಂಗೈ ಬೆವತಿತ್ತು. ಪುತಳಾಬಾಯಿಯ ಮನೆ ತನಕ ಹಾಗೆಯೇ ನಡೆದೆವು.

ಪುತಳಾಬಾಯಿ ರೊಟ್ಟಿ ಬಡಿದು ಉಣ್ಣಿಸಿದಳು. ನಾಳೆ ಎಲ್ಲ ಚಲೋ ಆಗುತ್ತದೆ, ಇಷ್ಟು ಯಾಕೆ ಬಾಡಿದ್ದೀ ಎಂದು ಗದರಿದಳು. ಅವಳು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಾಗ ನಾನೂ ವಿಜಯಾಳೂ ಪಡಸಾಲೆಯಲ್ಲಿ ಉಳಿದೆವು. ಅವಳು ಫೋನು ತೆಗೆದಳು, ಇಯರ್‌ಫೋನಿನ ಗಂಟು ಬಿಡಿಸುತ್ತಿದ್ದಳು. ಗಾಡಿಗಳು ಸಾಲಾಗಿ ನಿಂತಿವೆ, ಇನ್ನೇನು ಹೊರಡುತ್ತವೆ ಎಂದಳು. ದನಿ ಒಣಗಿತ್ತು. ಅವಳಿಗೂ ನನ್ನಷ್ಟೇ ಹೆದರಿಕೆಯಾಗುತ್ತಿದೆ ಎಂದು ಆಗ ತಿಳಿಯಿತು. ಬೈಯಬೇಕೆಂದು ಬಂದವನಿಗೆ ಬೈಗುಳ ಬಾಯಿಗೆ ಬರಲಿಲ್ಲ. ಸುಳ್ಳು ಹೇಳಿದೆಯಾ ಎಂದು ಕೇಳಲೂ ಆಗಲಿಲ್ಲ.

"ವಿಜಯಾ, ಇವತ್ತ ಅವನ ಗಾಡ್ಯಾಗ ತೂಕ ಎಷ್ಟ್ ಹಾಕ್ಯಾರ?" ಎಂದೆ.

ಅವಳು ಗಂಟು ಬಿಡಿಸುವುದನ್ನು ನಿಲ್ಲಿಸಿದಳು. ಹಿತ್ತಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಒಂದು ಕಿಲೋನೂ ಇಲ್ಲಪ್ಪ" ಎಂದಳು. "ಎರಡನೇದಾದ ಮ್ಯಾಲ ಅಂವ ಗೆದ್ದೇ ಇಲ್ಲ. ಮೂರನೇದ್ರಾಗ ಗ್ವಾಡಿಗಿ ಹೊಡದ. ಆಮ್ಯಾಲ ಒಮ್ಮೆ ಹತ್ತನೇದವ ಬಂದ, ಒಮ್ಮೆ ನಡುವೇ ನಿಂತ. ನಿನ್ನ ಬಿ.ಪಿ. ನೋಡಿ ನನಗ ಹೇಳ್ಲಿಕ್ಕಾಗಲಿಲ್ಲ."

ಗೋಡೆಗೆ ಹೊಡೆದಾಗ ಹುಡುಗನಿಗೆ ಪೆಟ್ಟಾಯಿತೇ ಎಂದು ಕೇಳಿದೆ. ಇಲ್ಲ, ತಾನೇ ಬಾಗಿಲು ತೆಗೆದುಕೊಂಡು ಇಳಿದು ಬಂದ ಎಂದಳು. ಆಮೇಲೆ ನಾನು ಕೇಳಬೇಕಾದ ಇನ್ನೊಂದು ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ಕೇಳದೆ ಎದ್ದು ಹಿತ್ತಲಿಗೆ ಹೋಗಿಬಿಡಲೇ ಅನಿಸಿತು. ಎದ್ದು ಹೋದರೆ ನಾಳೆ ಬೆಳಿಗ್ಗೆ ಆ ಮೇಜಿನ ಮೇಲೆ ಯಾವ ಧೈರ್ಯದ ಮೇಲೆ ಮಲಗಲಿ?

"ಡಾಕ್ಟರಮ್ಮ ಖರೇ ಏನಂದ್ರು?"

ಅವಳು ಅಳುತ್ತಿದ್ದಾಳೆಂದು ಉಸಿರಿನಿಂದ ಗೊತ್ತಾಯಿತು. "ಅರ್ಧಕ್ಕರ್ಧ ಅಂದ್ರು ಅಪ್ಪ. ಬಂದ್ರ ಬರ್ತದ, ಇಲ್ಲಂದ್ರ ಈಗಿರೋ ಬೆಳಕೂ ಹೋಗ್ತದ. ಮಾಡಸದಿದ್ರ ವರ್ಷ ತುಂಬೋದ್ರಾಗ ತಾನೇ ಹೋಗ್ತದಂತ."

ಬಾಗಿಲ ಕಡೆ ತಿರುಗಿದೆ. ಅಲ್ಲಿ ಬಿಸಿಲಿನ ಬಿಳಿ ತುಂಡೊಂದು ಇತ್ತು, ಪಕ್ಕದಲ್ಲಿ ಒಂದು ಭುಜ ವಾಲಿಸಿಕೊಂಡು ಕೂತವಳ ಕಪ್ಪು ಆಕಾರ. ನನಗಿರುವುದು ಇಷ್ಟೇ. ನಾಳೆ ಇದೂ ಹೋಗಬಹುದು. ಅವಳ ಮೇಲೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿಯಿತು. ಒಂಬತ್ತು ಎಂಬ ಸುಳ್ಳನ್ನು ಹಿಡಿದುಕೊಂಡು ಇಷ್ಟು ವಾರ ಅವಳು ಒಬ್ಬಳೇ ಕೂತಿದ್ದಳಲ್ಲ.

ಸ್ಪೀಕರ್ ಹಾಕು ಎಂದೆ. ಹಾಕಿದಳು. ಗಾಡಿಗಳು ಹೊರಟಿದ್ದವು, ಪಡಸಾಲೆ ತುಂಬ ಇಂಜಿನ್ ಸದ್ದು. ಇದ್ದದ್ದನ್ನು ಇದ್ದಂತೆ ಹೇಳುತ್ತ ಹೋಗು ಎಂದೆ. ಅವಳು ಮೂಗು ಒರೆಸಿಕೊಂಡು ಶುರು ಮಾಡಿದಳು. ಹದಿನಾಲ್ಕು ಗಾಡಿಗಳಲ್ಲಿ ಅವನದು ಹನ್ನೆರಡನೆಯದು. ಒಂದನ್ನು ಹಿಂದೆ ಹಾಕಿದ. ಮತ್ತೆ ಅದೇ ಗಾಡಿ ಅವನನ್ನು ಹಿಂದೆ ಹಾಕಿತು. ಬಾಗಿಲು ಬಾಗಿಲು ತಾಕಿತು, ಅವನ ಕನ್ನಡಿ ಮುರಿದು ಬಿತ್ತು. ತಿರುವಿನಲ್ಲಿ ಮತ್ತೆ ಮುಂದೆ ಬಂದ. ನಾನು ಉಸಿರು ಬಿಗಿಹಿಡಿದು ಕೇಳಿದೆ. ಅವನು ಗೆದ್ದದ್ದನ್ನು ಕೇಳಿದಾಗಲೂ ಇಷ್ಟು ಕಿವಿಗೊಟ್ಟಿರಲಿಲ್ಲ. ಒಂಬತ್ತನೆಯವನಾಗಿ ಮುಗಿಸಿದ. ಹೆಸರು ಯಾರೂ ಕೂಗಲಿಲ್ಲ. ಗೆದ್ದವನು ಬೇರೆ ಯಾರೋ.

ಕೊನೆಗೆ ಅವಳು ಕೇಳಿದಳು, ನಾಳೆ ಹೋಗುವುದು ಬೇಡವಾ ಎಂದು. ಬೇಡ ಎಂದರೆ ಆಸ್ಪತ್ರೆಗೆ ಫೋನು ಮಾಡುತ್ತೇನೆ ಎಂದಳು.

"ಹೋಗೂಣು" ಎಂದೆ. "ತಾನೇ ಹೋಗೋದಕ್ಕ ಕಾಯೋದಕ್ಕಿಂತ ಅರ್ಧ ಚಲೋನೇ ಅದ. ಆದ್ರ ಪಟ್ಟಿ ಬಿಚ್ಚಿದ ದಿನ ಕಾಣಸ್ತದೋ ಇಲ್ಲೋ ಅಂತ ನಾ ಹೇಳ್ತೀನಿ. ಡಾಕ್ಟರಿಗಿ ಕೇಳಬ್ಯಾಡ, ನನಗ ಕೇಳು."

"ಖರೇನೇ ಹೇಳ್ತಿ?" ಎಂದಳು.

ಹೇಳುತ್ತೇನೆ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಕೂದಲು ಬಿಸಿಲಿಗೆ ಬೆಚ್ಚಗಿತ್ತು. ಕೈ ಅಲ್ಲೇ ಇಟ್ಟುಕೊಂಡು ಆ ದಿನವನ್ನು ಕಲ್ಪಿಸಿಕೊಂಡೆ. ಪಟ್ಟಿ ಬಿಚ್ಚುತ್ತಾರೆ. ಇವಳು ಎದುರಿಗೆ ನಿಂತು ಅಪ್ಪಾ ಅನ್ನುತ್ತಾಳೆ. ಎಲ್ಲ ಕತ್ತಲೆಯೇ ಆಗಿದ್ದರೆ ನಾನು ಏನು ಹೇಳುತ್ತೇನೆ? ನೀನು ಕಾಣಿಸುತ್ತಿದ್ದೀ ತಾಯಿ ಎಂಬ ಮಾತು ಈಗಲೇ ಬಾಯಿಗೆ ಬಂದು ನಿಂತಿತು.